ಗೂಬೆಯ ನಾಣ್ಯ, ರಾಜನ ಮುಖ

ನಮ್ಮ ಅಬ್ಬಾ ಅವರ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕ ಒಂದು ಹಳೇ ಬಿಸ್ಕತ್ ಡಬ್ಬ ಇದೆ. ಅದರ ತುಂಬ ಹತ್ತು ರೂಪಾಯಿಯ ನಾಣ್ಯಗಳು. ಗಿರಾಕಿಗಳು ಕೊಟ್ಟರೆ ಅಬ್ಬಾ ಬೇಡ ಅನ್ನುವುದಿಲ್ಲ. ಆದರೆ ಅದೇ ನಾಣ್ಯವನ್ನು ಚಿಲ್ಲರೆಯಾಗಿ ವಾಪಸ್ ಕೊಡಲು ಹೋದರೆ "ಇದು ನಡೆಯಲ್ಲ ಸಾಬ್ರೇ, ನೋಟು ಕೊಡಿ" ಎನ್ನುತ್ತಾರೆ. ಸಗಟು ವ್ಯಾಪಾರಿಯೂ ಮುಖ ತಿರುಗಿಸುತ್ತಾನೆ. ಹತ್ತು ರೂಪಾಯಿ ನಾಣ್ಯದ 14 ವಿನ್ಯಾಸಗಳೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಪ್ರಕಟಣೆ ಹೊರಡಿಸಿದೆ. ಅದನ್ನು ಮೊಬೈಲಿನಲ್ಲಿ ತೆಗೆದು ಅಬ್ಬಾಗೆ ತೋರಿಸಿದೆ. ಅವರು ಓದಿ ನೋಡಿ, "ಬೇಟಾ, ರಿಸರ್ವ್ ಬ್ಯಾಂಕು ನಮ್ಮ ಅಂಗಡಿಗೆ ಸಕ್ಕರೆ ತಗೊಳ್ಳೋಕೆ ಬರುತ್ತಾ?" ಎಂದು ಕೇಳಿದರು.

ನನಗೆ ಉತ್ತರ ಹೊಳೆಯಲಿಲ್ಲ. ನಾಣ್ಯದ ಮೇಲೆ ಅಶೋಕನ ಸಿಂಹಗಳಿವೆ, ದೇಶದ ಹೆಸರಿದೆ. ಇಷ್ಟಿದ್ದೂ ಒಬ್ಬ ಗಿರಾಕಿ "ನಡೆಯಲ್ಲ" ಎಂದರೆ ಅದು ನಡೆಯುವುದಿಲ್ಲ. ಹಾಗಾದರೆ ನಾಣ್ಯದ ಮೇಲೆ ಚಿತ್ರ ಒತ್ತುವುದು ಯಾಕೆ? ಆ ಚಿತ್ರಕ್ಕೆ ಇರುವ ಬಲ ಎಲ್ಲಿಂದ ಬರುತ್ತದೆ? ಅರ್ಥಶಾಸ್ತ್ರದ ಪಠ್ಯದಲ್ಲಿ ವಸ್ತು ವಿನಿಮಯದಿಂದ ಹಣಕ್ಕೆ ಒಂದೇ ಪುಟದಲ್ಲಿ ಜಿಗಿದುಬಿಡುತ್ತಾರೆ. ಅದಕ್ಕೇ ನಾಣ್ಯಗಳು ಶುರುವಾದ ಕಾಲಕ್ಕೆ ಹೋಗಿ ಓದತೊಡಗಿದೆ. ಗ್ರೀಕರ ನಾಣ್ಯಗಳಲ್ಲಿ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು ಎನ್ನಲಾರೆ. ಆದರೆ ಅದೇ ಪ್ರಶ್ನೆಯನ್ನು ಅವರೂ ಕೇಳಿಕೊಂಡಿದ್ದರು ಎಂದು ತಿಳಿಯಿತು.

ಮೊದಲ ನಾಣ್ಯಗಳು ಹುಟ್ಟಿದ್ದು ಇಂದಿನ ಟರ್ಕಿಯ ಪಶ್ಚಿಮದಲ್ಲಿ, ಲಿಡಿಯಾ ರಾಜ್ಯ ಮತ್ತು ಅದರ ಪಕ್ಕದ ಗ್ರೀಕ್ ಪಟ್ಟಣಗಳಲ್ಲಿ, ಕ್ರಿ.ಪೂ. 7ನೇ ಶತಮಾನದ ಕೊನೆಯ ಹೊತ್ತಿಗೆ. ಅವುಗಳ ಲೋಹ ಎಲೆಕ್ಟ್ರಮ್, ಅಂದರೆ ಚಿನ್ನ ಬೆಳ್ಳಿ ಬೆರೆತದ್ದು. ತಕ್ಕಡಿಯಲ್ಲಿ ಇಟ್ಟರೆ ತೂಕ ತಿಳಿಯುತ್ತದೆ, ಚಿನ್ನ ಎಷ್ಟಿದೆ ಎಂದು ತಿಳಿಯುವುದಿಲ್ಲ. ಒರೆಗಲ್ಲಿಗೆ ಉಜ್ಜಿ ನೋಡಬೇಕು. (ಒರೆಗಲ್ಲನ್ನು ಗ್ರೀಕರು 'ಲಿಡಿಯಾದ ಕಲ್ಲು' ಎಂದೇ ಕರೆಯುತ್ತಿದ್ದರು.) ಪ್ರತಿ ಸಲ ಉಜ್ಜುತ್ತಾ ಕುಳಿತರೆ ವ್ಯಾಪಾರ ಮುಗಿದಂತೆಯೇ. ಆದ್ದರಿಂದ ಯಾರಾದರೂ ಒಬ್ಬರು ಜವಾಬ್ದಾರಿ ಹೊರಬೇಕಿತ್ತು. ಲಿಡಿಯಾದವರು ಸಿಂಹದ ತಲೆಯನ್ನು ಒತ್ತಿದರು. ಇನ್ನೊಂದು ಹಳೆಯ ನಾಣ್ಯದಲ್ಲಿ ಮೇಯುತ್ತಿರುವ ಜಿಂಕೆ ಇದೆ. ಅದರ ಸುತ್ತ "ನಾನು ಫಾನೆಸನ ಗುರುತು" ಎಂದು ಗ್ರೀಕ್ ಅಕ್ಷರದಲ್ಲಿ ಬರೆದಿದೆ. ಫಾನೆಸ್ ರಾಜನೋ, ಅಧಿಕಾರಿಯೋ, ದುಡ್ಡಿರುವ ವ್ಯಾಪಾರಿಯೋ ಯಾರಿಗೂ ಗೊತ್ತಿಲ್ಲ. ಆದರೆ ನಾಣ್ಯ ತಾನೇ ಬಾಯಿ ತೆರೆದು "ನಾನು ಇಂಥವನದು" ಎನ್ನುತ್ತಿದೆ.

ಈ 'ಇಂಥವನದು' ಎಂಬ ಮಾತನ್ನು ಸ್ವಲ್ಪ ಹಿಡಿದುಕೊಳ್ಳಿ. ನಾವು ಹೈಸ್ಕೂಲಿನ ಕನ್ನಡ ವ್ಯಾಕರಣದಲ್ಲಿ ಬಾಯಿಪಾಠ ಮಾಡಿದ ಷಷ್ಠೀ ವಿಭಕ್ತಿ ಅದು: ರಾಮನ, ಊರಿನ, ರಾಜನ. ಮನೆಯಲ್ಲಿ ಉರ್ದುವಿನಲ್ಲಿ ಮಾತಾಡುವ ನಮಗೆ 'ಕಾ, ಕೀ, ಕೇ'. ಗ್ರೀಕ್ ನಾಣ್ಯಗಳ ಮೇಲೆ ಹೆಸರುಗಳು ಹೆಚ್ಚಾಗಿ ಈ ವಿಭಕ್ತಿಯಲ್ಲೇ ಬರುತ್ತವೆ. ಯಾರ ಹೆಸರಿಗೆ ಆ ಪ್ರತ್ಯಯ ಹತ್ತಿದೆ ಎಂದು ನೋಡುತ್ತಾ ಹೋದರೆ ಅಧಿಕಾರ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂದು ಕಾಣುತ್ತದೆ.

ಮೊದಲು ಅದು ಊರಿಗೆ ಹತ್ತಿತ್ತು. ಗ್ರೀಸ್ ಒಂದೇ ರಾಜ್ಯವಾಗಿರಲಿಲ್ಲ, ನೂರಾರು ನಗರರಾಜ್ಯಗಳಿದ್ದವು. ಪ್ರತಿ ಊರಿಗೂ ಒಂದು ಚಿಹ್ನೆ. ಕೊರಿಂತ್‌ಗೆ ರೆಕ್ಕೆಯ ಕುದುರೆ. ಐಗಿನಾ ದ್ವೀಪಕ್ಕೆ ಕಡಲಾಮೆ. ಐಗಿನಾ ಹಡಗುಗಳ ಊರು. ಕ್ರಿ.ಪೂ. 5ನೇ ಶತಮಾನದ ನಡುವೆ ಅಥೆನ್ಸ್ ಅದನ್ನು ಸೋಲಿಸಿತು. ಆ ಶತಮಾನದಲ್ಲೇ ನಾಣ್ಯದ ಕಡಲಾಮೆ ಹೋಗಿ ನೆಲದ ಮೇಲೆ ತೆವಳುವ ಆಮೆ ಬಂದಿತು. ಸಮುದ್ರ ಕೈತಪ್ಪಿದ್ದಕ್ಕೇ ಹೀಗಾಯಿತು ಎಂದು ಕೆಲವು ವಿದ್ವಾಂಸರು ಊಹಿಸುತ್ತಾರೆ. ಊಹೆಯೇ ಇರಬಹುದು, ಆದರೂ ಓದಿದಾಗ ನನಗೆ ಪಾಪ ಅನ್ನಿಸಿತು.

ಈಗ ಅಥೆನ್ಸ್. ಅವರ ನಾಲ್ಕು ಡ್ರಾಕ್ಮಾದ ಬೆಳ್ಳಿ ನಾಣ್ಯ ಸುಮಾರು 17.2 ಗ್ರಾಂ ತೂಗುತ್ತದೆ. ಒಂದು ಕಡೆ ಶಿರಸ್ತ್ರಾಣ ತೊಟ್ಟ ಅಥೇನಾ ದೇವತೆ, ಇನ್ನೊಂದು ಕಡೆ ಅವಳ ಗೂಬೆ. ಜೊತೆಗೆ ಆಲಿವ್ ಮರದ ಚಿಗುರು, ಮೂರು ಅಕ್ಷರ, ಮೂಲೆಯಲ್ಲೊಂದು ಪುಟ್ಟ ಅರ್ಧಚಂದ್ರ. (ಅರ್ಧಚಂದ್ರ ನೋಡಿ ನಮ್ಮ ಹುಡುಗರು ಖುಷಿಪಡಬೇಕಾಗಿಲ್ಲ, ಇದು ಇಸ್ಲಾಮಿಗಿಂತ ಸಾವಿರ ವರ್ಷ ಹಿಂದಿನದು.) ಆ ಮೂರು ಅಕ್ಷರಗಳು 'ಅಥೆನ್ಸಿನವರ' ಎಂಬುದರ ಮೊದಲ ಭಾಗ. ರಾಜನ ಹೆಸರಿಲ್ಲ, ನಾಯಕನ ಹೆಸರಿಲ್ಲ. ಊರಿನ ಜನರದು, ಅಷ್ಟೇ.

ನಮ್ಮಲ್ಲಿ ಗೂಬೆ ಮನೆ ಮೇಲೆ ಕೂತರೆ ಅಪಶಕುನ. ಉರ್ದುವಿನಲ್ಲಿ ಯಾರನ್ನಾದರೂ 'ಉಲ್ಲೂ' ಎಂದರೆ ಜಗಳ ಗ್ಯಾರಂಟಿ. ಕನ್ನಡದಲ್ಲಿ ಗೂಬೆ ಕೂರಿಸುವುದು ಎಂದರೆ ಇನ್ನೊಬ್ಬರ ತಲೆಗೆ ತಪ್ಪು ಕಟ್ಟುವುದು. ಅಥೆನ್ಸಿನವರು ಬೆಳ್ಳಿಯ ಮೇಲೆ ಗೂಬೆ ಕೂರಿಸಿದರು, ಅದು ಮೆಡಿಟರೇನಿಯನ್ ಸಮುದ್ರದ ಸುತ್ತಲೂ ಓಡಾಡುವ ದುಡ್ಡಾಯಿತು.

ಅದರ ಹಿಂದೆ ಬೆಳ್ಳಿಯ ಬಲವಿತ್ತು. ಕ್ರಿ.ಪೂ. 483ರ ಹೊತ್ತಿಗೆ ಲಾರಿಯಾನ್ ಗಣಿಯಲ್ಲಿ ಸಮೃದ್ಧ ಅದಿರು ಸಿಕ್ಕಿತು. ಆ ದುಡ್ಡನ್ನು ಜನರಿಗೆ ಹಂಚಿಬಿಡೋಣ ಎಂಬ ಮಾತು ಬಂದಾಗ ಥೆಮಿಸ್ಟೋಕ್ಲಿಸ್ ಎಂಬ ನಾಯಕ ಹಡಗು ಕಟ್ಟೋಣ ಎಂದು ಒಪ್ಪಿಸಿದ. ಮೂರು ವರ್ಷದ ನಂತರ ಸಾಲಮಿಸ್ ಎಂಬಲ್ಲಿ ಅದೇ ಹಡಗುಗಳು ಪರ್ಷಿಯಾದ ನೌಕಾಪಡೆಯನ್ನು ಸೋಲಿಸಿದವು. ಗಣಿಯೊಳಗೆ ಇಳಿದು ಆ ಬೆಳ್ಳಿ ಅಗೆದವರು ಗುಲಾಮರು. ಅವರ ಗುರುತು ಯಾವ ನಾಣ್ಯದ ಮೇಲೂ ಇಲ್ಲ.

ಮುಂದೆ ಅಥೆನ್ಸ್ ಮಿತ್ರ ಊರುಗಳ ಒಡೆಯನಂತೆ ನಡೆದುಕೊಳ್ಳತೊಡಗಿತು. ಕ್ರಿ.ಪೂ. 5ನೇ ಶತಮಾನದ ಉತ್ತರಾರ್ಧದಲ್ಲಿ ಒಂದು ಆಜ್ಞೆ ಹೊರಟಿತು: ಎಲ್ಲ ಮಿತ್ರ ಊರುಗಳೂ ಅಥೆನ್ಸಿನ ನಾಣ್ಯ, ಅಥೆನ್ಸಿನ ತೂಕ, ಅಥೆನ್ಸಿನ ಅಳತೆಯನ್ನೇ ಬಳಸಬೇಕು. ಆಜ್ಞೆಯನ್ನು ಕಲ್ಲಿನಲ್ಲಿ ಕೆತ್ತಿಸಿ ಪ್ರತಿ ಊರಿನ ಸಂತೆಯಲ್ಲಿ ನಿಲ್ಲಿಸಬೇಕು. ಆ ಊರಿನವರಿಗೆ ಮನಸ್ಸಿಲ್ಲದಿದ್ದರೆ ಅಥೆನ್ಸಿನವರೇ ಬಂದು ನಿಲ್ಲಿಸುತ್ತಾರೆ! ಊರಿನ ಅಭಿಮಾನವಾಗಿದ್ದ ಗೂಬೆ ಬೇರೆಯವರ ಊರಿಗೆ ಹೋದಾಗ ಅಪ್ಪಣೆಯಾಯಿತು.

ವಾಣಿಜ್ಯ ವಿದ್ಯಾರ್ಥಿಗಳು ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಅಥೆನ್ಸಿನ ಶಿಲ್ಪಿಗಳು ಕಲ್ಲಿನಲ್ಲಿ ಜೀವ ತುಂಬುತ್ತಿದ್ದ ಕಾಲದಲ್ಲೂ ನಾಣ್ಯದ ಅಥೇನಾ ಮಾತ್ರ ಹಳೇ ಶೈಲಿಯಲ್ಲೇ ಉಳಿದಳು. ಮುಖ ಪಕ್ಕಕ್ಕೆ ತಿರುಗಿದ್ದರೂ ಕಣ್ಣು ನೇರ ನಮ್ಮನ್ನೇ ನೋಡುತ್ತದೆ. ಇನ್ನೂ ಚೆನ್ನಾಗಿ ಕೆತ್ತಲು ಬರುತ್ತಿತ್ತು, ಕೆತ್ತಲಿಲ್ಲ. ಈಜಿಪ್ಟಿನ ವ್ಯಾಪಾರಿ ಆ ಮುಖವನ್ನು ನೋಡಿ ಅಭ್ಯಾಸವಾಗಿದ್ದ, ಬದಲಾದರೆ ಅನುಮಾನ ಪಡುತ್ತಿದ್ದ. ನಮ್ಮ ಹತ್ತು ರೂಪಾಯಿ ನಾಣ್ಯದ ಕಷ್ಟ ನೆನಪಿಸಿಕೊಳ್ಳಿ, ಹದಿನಾಲ್ಕು ವಿನ್ಯಾಸ! ಗೂಬೆಗೆ ಎಷ್ಟು ಹೆಸರು ಬಂತೆಂದರೆ ಈಜಿಪ್ಟಿನಲ್ಲಿ, ಯೆಮನ್‌ನಲ್ಲಿ ಕೂಡ ಅದರ ನಕಲು ಹೊಡೆದರು.

ನಂಬಿಕೆ ಮುರಿದದ್ದೂ ಉಂಟು. ಸ್ಪಾರ್ಟಾದ ಜೊತೆ ಯುದ್ಧ ಎಳೆದು ಎಳೆದು ಗಣಿ ಕೆಲಸ ನಿಂತುಹೋದಾಗ ಅಥೆನ್ಸ್ ತಾಮ್ರದ ಮೇಲೆ ಬೆಳ್ಳಿ ಲೇಪಿಸಿ ಅದೇ ಗೂಬೆಯನ್ನು ಒತ್ತಿತು. ಅರಿಸ್ಟೋಫನೀಸ್ ಎಂಬ ಹಾಸ್ಯ ನಾಟಕಕಾರನ ಒಂದು ನಾಟಕದಲ್ಲಿ ತಾಮ್ರದ ದುಡ್ಡಿನ ಒಂದು ಪ್ರಸಂಗ ಬರುತ್ತದೆ. ಒಬ್ಬ ದ್ರಾಕ್ಷಿ ಮಾರಿ ಬಾಯಿತುಂಬ ತಾಮ್ರದ ಕಾಸು ತುಂಬಿಕೊಳ್ಳುತ್ತಾನೆ (ಆಗ ಚಿಲ್ಲರೆಯನ್ನು ಬಾಯಲ್ಲಿ ಇಟ್ಟುಕೊಳ್ಳುವ ರೂಢಿ ಇತ್ತು), ಹಿಟ್ಟು ಕೊಳ್ಳಲು ಸಂತೆಗೆ ಹೋಗಿ ಚೀಲ ಒಡ್ಡುತ್ತಾನೆ. ಅಷ್ಟರಲ್ಲಿ ಡಂಗುರದವನು "ಇನ್ನು ಮೇಲೆ ಯಾರೂ ತಾಮ್ರ ತೆಗೆದುಕೊಳ್ಳಬೇಡಿ" ಎಂದು ಕೂಗಿಬಿಡುತ್ತಾನೆ. ಈ ಕಥೆ ಹೇಳಿದಾಗ ಅಬ್ಬಾ ನಗಲಿಲ್ಲ. "ಆಮೇಲೆ ಅವನು ಆ ಕಾಸು ಏನು ಮಾಡಿದ?" ಎಂದು ಕೇಳಿದರು.

ಆ ಏಟಿನಿಂದ ಅಥೆನ್ಸ್ ಪಾಠ ಕಲಿತಿರಬೇಕು. ಕ್ರಿ.ಪೂ. 375ರ ಸುಮಾರಿಗೆ ಅಲ್ಲಿ ಒಂದು ಕಾನೂನು ಬಂತು. ಅದನ್ನು ಕೆತ್ತಿದ ಕಲ್ಲು 1970ರಲ್ಲಿ ಹಳೇ ಸಂತೆಯ ಜಾಗದಲ್ಲೇ ಸಿಕ್ಕಿದೆ. ಸಂತೆಯಲ್ಲಿ ಹಣ ಬದಲಾಯಿಸುವವರ ಮೇಜುಗಳ ನಡುವೆ ಒಬ್ಬ ಪರೀಕ್ಷಕ ಕೂರಬೇಕು. ಯಾರಿಗಾದರೂ ಅನುಮಾನ ಬಂದರೆ ನಾಣ್ಯವನ್ನು ಅವನಿಗೆ ತೋರಿಸಬೇಕು. ಒಳಗೆ ತಾಮ್ರವೋ ಸೀಸವೋ ಇದ್ದರೆ ಅಲ್ಲೇ ಕತ್ತರಿಸಿ ಹಾಕಬೇಕು. ಅವನು ಸರಿ ಎಂದ ಮೇಲೂ ಅಂಗಡಿಯವನು ತೆಗೆದುಕೊಳ್ಳದಿದ್ದರೆ ಆ ದಿನ ಅವನು ಮಾರಲು ಇಟ್ಟ ಸರಕೆಲ್ಲ ಜಪ್ತಿ! ಅಂದರೆ ದೇವತೆಯ ಮುಖವಿದ್ದ, ಅಪ್ಪಟ ಬೆಳ್ಳಿಯ ನಾಣ್ಯವನ್ನೂ ಜನ "ನಡೆಯಲ್ಲ" ಎನ್ನುತ್ತಿದ್ದರು. ಇಲ್ಲದಿದ್ದರೆ ಇಂಥ ಕಾನೂನು ಯಾಕೆ ಬೇಕಿತ್ತು?

ನನಗೆ ಹೆಚ್ಚು ಆಶ್ಚರ್ಯವಾದದ್ದು ಆ ಪರೀಕ್ಷಕ ಯಾರೆಂದು ತಿಳಿದಾಗ. ಅವನು ಸರ್ಕಾರದ ಗುಲಾಮ. ಕೆಲಸಕ್ಕೆ ಕೂರದಿದ್ದರೆ, ಸರಿಯಾಗಿ ಪರೀಕ್ಷಿಸದಿದ್ದರೆ ಐವತ್ತು ಛಡಿ ಏಟು. ಸ್ವತಂತ್ರ ಪ್ರಜೆಗಳ ಗೂಬೆಗೆ ಸಂತೆಯಲ್ಲಿ ಮಾನ ಉಳಿಸುತ್ತಿದ್ದವನಿಗೆ ಸ್ವಾತಂತ್ರ್ಯ ಇರಲಿಲ್ಲ.

ಇಲ್ಲಿಯವರೆಗೆ ಹೇಳಿದ ನಾಣ್ಯಗಳ ಮೇಲೆ ಬದುಕಿರುವ ಮನುಷ್ಯನ ಮುಖ ಬಂದಿಲ್ಲ ಎಂಬುದನ್ನು ನೋಡಿ. ಗ್ರೀಕ್ ಊರುಗಳಲ್ಲಿ ಆ ಜಾಗ ದೇವರಿಗೆ ಮೀಸಲು. ಪಕ್ಕದ ಪರ್ಷಿಯಾದ ಚಿನ್ನದ ನಾಣ್ಯದಲ್ಲಿ ಬಿಲ್ಲು ಹಿಡಿದ ರಾಜನಿದ್ದ, ಆದರೆ ಅದು ಇಂಥ ರಾಜ ಎಂದು ಗುರುತಿಸುವ ಮುಖವಲ್ಲ, ರಾಜತನದ ಚಿತ್ರ. ಸ್ಪಾರ್ಟಾದ ರಾಜ ಅಗೆಸಿಲಾಸ್ ಪರ್ಷಿಯಾದ ಮೇಲೆ ದಂಡೆತ್ತಿ ಹೋಗಿದ್ದಾಗ, ಪರ್ಷಿಯಾ ಗ್ರೀಸಿನೊಳಗೆ ಲಂಚ ಹಂಚಿ ಅವನ ಊರಿನ ಮೇಲೇ ಯುದ್ಧ ಎಬ್ಬಿಸಿತು. ವಾಪಸ್ ಹೊರಟ ಅವನು, ಸಾವಿರಾರು ಬಿಲ್ಲುಗಾರರು ನನ್ನನ್ನು ಓಡಿಸಿದರು ಎಂದನಂತೆ. ಬಿಲ್ಲುಗಾರರು ಎಂದರೆ ಆ ನಾಣ್ಯಗಳೇ. ಪ್ಲುಟಾರ್ಕ್ ಬರೆದಿಟ್ಟ ಮಾತಿದು.

ಮ್ಯಾಸಿಡೋನಿಯಾದ ಎರಡನೇ ಫಿಲಿಪ್ ಒಂದು ಹೆಜ್ಜೆ ಮುಂದೆ ಹೋದ. ಕ್ರಿ.ಪೂ. 356ರ ಒಲಿಂಪಿಕ್ಸ್‌ನಲ್ಲಿ ಅವನ ಕುದುರೆ ಗೆದ್ದಿತು. ಬೆಳ್ಳಿ ನಾಣ್ಯದಲ್ಲಿ ಒಂದು ಕಡೆ ಜ್ಯೂಸ್ ದೇವರು, ಇನ್ನೊಂದು ಕಡೆ ಗೆದ್ದ ಕುದುರೆ ಮತ್ತು ಸವಾರ. ಜೊತೆಗೆ 'ಫಿಲಿಪ್ಪನ' ಎಂಬ ಹೆಸರು. ಗ್ರೀಕರಲ್ಲದವರಿಗೆ ಒಲಿಂಪಿಕ್ಸ್ ಪ್ರವೇಶವಿರಲಿಲ್ಲ. ಮ್ಯಾಸಿಡೋನಿಯಾದವರು ಗ್ರೀಕರೇ ಅಲ್ಲ ಎಂದು ಹೀಯಾಳಿಸುತ್ತಿದ್ದವರಿಗೆ ಆ ಕುದುರೆಯೇ ಜವಾಬು.

ಅವನ ಮಗ ಅಲೆಕ್ಸಾಂಡರ್, ನಾವು ಸಿಕಂದರ್ ಎನ್ನುವವನು. ಅವನ ಬೆಳ್ಳಿ ನಾಣ್ಯದಲ್ಲಿ ಸಿಂಹದ ಚರ್ಮವನ್ನು ತಲೆಗೆ ಹೊದ್ದ ಹೆರಾಕ್ಲಿಸ್. ಮ್ಯಾಸಿಡೋನಿಯಾದ ರಾಜರು ತಾವು ಅವನ ವಂಶದವರೆಂದು ಹೇಳಿಕೊಳ್ಳುತ್ತಿದ್ದರು. ಹಿಂಬದಿಯಲ್ಲಿ ಹದ್ದು ಮತ್ತು ರಾಜದಂಡ ಹಿಡಿದು ಕುಳಿತ ಜ್ಯೂಸ್. ತೂಕ ಅಥೆನ್ಸಿನದೇ, ಏಕೆಂದರೆ ಜನರ ಕೈಗೆ ಆ ತೂಕ ಒಗ್ಗಿತ್ತು. ಇದರಲ್ಲಿ ಒಂದು ಜಾಣತನವಿದೆ. ಹೀಗೇ ಪೀಠದ ಮೇಲೆ ಕುಳಿತ ಬಾಲ್ ದೇವರ ನಾಣ್ಯ ತಾರ್ಸಸ್ ಪಟ್ಟಣದಲ್ಲಿ ಮೊದಲೇ ಓಡುತ್ತಿತ್ತು. ಗ್ರೀಕನಿಗೆ ಜ್ಯೂಸ್ ಕಂಡರೆ ತಾರ್ಸಸಿನವನಿಗೆ ತನ್ನ ದೇವರೇ ಕಾಣುತ್ತಿದ್ದ. ಟೈರ್ ಪಟ್ಟಣದವನಿಗೆ ಹೆರಾಕ್ಲಿಸ್ ತನ್ನ ಮೆಲ್ಕಾರ್ಟ್. ಗೆದ್ದವನು ಸೋತವನ ಕಣ್ಣಿಗೂ ಒಪ್ಪುವ ಚಿತ್ರವನ್ನೇ ಆರಿಸಿದ. ಪಕ್ಕದಲ್ಲಿ 'ಅಲೆಕ್ಸಾಂಡ್ರೂ' ಎಂದಿದೆ. ಅರ್ಥ 'ಅಲೆಕ್ಸಾಂಡರನ'. ಏನು ಅವನದು? ಬೆಳ್ಳಿಯೋ, ಭರವಸೆಯೋ, ಭೂಮಿಯೋ? ನಾಣ್ಯ ಹೇಳುವುದಿಲ್ಲ. ಊರಿಗೆ ಹತ್ತಿದ್ದ ಷಷ್ಠೀ ವಿಭಕ್ತಿ ಈಗ ಒಬ್ಬ ಮನುಷ್ಯನಿಗೆ ಹತ್ತಿತು.

ಅವನು ಕ್ರಿ.ಪೂ. 323ರಲ್ಲಿ ಬ್ಯಾಬಿಲೋನಿನಲ್ಲಿ ತೀರಿಕೊಂಡ. ನಾಣ್ಯ ನಿಲ್ಲಲಿಲ್ಲ. ಅವನ ಹೆಸರಿನಲ್ಲೇ ಇನ್ನೂ ನೂರು ವರ್ಷಕ್ಕೂ ಮೀರಿ ಹೊಡೆಯುತ್ತಲೇ ಇದ್ದರು. ಸೇನಾಪತಿಗಳು ರಾಜ್ಯವನ್ನು ಹರಿದು ಹಂಚಿಕೊಂಡಾಗ ಅವರಿಗೆ ವಂಶದ ಹಕ್ಕಿರಲಿಲ್ಲ, ಸತ್ತವನ ಮುಖವೇ ಬಂಡವಾಳ. ಈಜಿಪ್ಟ್ ಹಿಡಿದ ಟಾಲೆಮಿ ಅಲೆಕ್ಸಾಂಡರನ ತಲೆಗೆ ಆನೆಯ ಚರ್ಮ ಹೊದಿಸಿದ, ಭಾರತದವರೆಗೆ ಹೋಗಿದ್ದರ ಗುರುತಾಗಿ. ಲೈಸಿಮಾಕಸ್ ಅದೇ ಮುಖಕ್ಕೆ ಟಗರಿನ ಕೊಂಬು ಇಟ್ಟ, ಅಮ್ಮೋನ್ ದೇವರ ಮಗ ಎಂದು ತೋರಿಸಲು. ಕೊನೆಗೆ ಟಾಲೆಮಿ ತನ್ನನ್ನೇ ರಾಜನೆಂದು ಸಾರಿಕೊಂಡು ತನ್ನ ಮುಖವನ್ನೇ ಹಾಕಿಸಿದ. ದಪ್ಪ ಹುಬ್ಬು, ಮುಂದೆ ಬಂದ ಗದ್ದ, ಚೆಲುವನೇನಲ್ಲ. ತಲೆಯ ಸುತ್ತ ಒಂದು ಬಟ್ಟೆಯ ಪಟ್ಟಿ. ಆ ಕಾಲದ ಗ್ರೀಕ್ ರಾಜರ ಚಿಹ್ನೆ ಕಿರೀಟವಲ್ಲ, ಈ ಪಟ್ಟಿ. ನಾವು 'ಪಟ್ಟ ಕಟ್ಟುವುದು' ಎನ್ನುತ್ತೇವಲ್ಲ, ಆ ಮಾತು ಇಲ್ಲಿ ಅಕ್ಷರಶಃ ಹೊಂದುತ್ತದೆ.

ಟಾಲೆಮಿ ಲೆಕ್ಕವನ್ನೂ ಬದಲಾಯಿಸಿದ. 17.2 ಗ್ರಾಂ ಇದ್ದ ನಾಣ್ಯ ಸುಮಾರು 14.2 ಗ್ರಾಂಗೆ ಇಳಿಯಿತು. ಈಜಿಪ್ಟಿನೊಳಗೆ ಅವನ ನಾಣ್ಯ ಮಾತ್ರ ನಡೆಯಬೇಕು, ಹೊರಗಿನವರು ತಮ್ಮದನ್ನು ಕೊಟ್ಟು ಬದಲಾಯಿಸಿಕೊಳ್ಳಬೇಕು. ಒಂದಕ್ಕೊಂದು ಎಂದು ಬದಲಾಯಿಸಿದರೆ ಪ್ರತಿ ನಾಣ್ಯಕ್ಕೆ 3 ಗ್ರಾಂ ಬೆಳ್ಳಿ ಖಜಾನೆಗೆ. ಶೇಕಡಾ 17ಕ್ಕೂ ಹೆಚ್ಚು! ಅವನ ಮಗನ ಕಾಲದ, ಕ್ರಿ.ಪೂ. 258ರ ಒಂದು ಪತ್ರ ಪಪೈರಸ್ ಹಾಳೆಯ ಮೇಲೆ ಉಳಿದಿದೆ. ಟಂಕಸಾಲೆಯ ಅಧಿಕಾರಿ ಹಣಕಾಸು ಮಂತ್ರಿಗೆ ಬರೆದದ್ದು. ಪರದೇಶದ ವ್ಯಾಪಾರಿಗಳ ಚಿನ್ನವನ್ನು ಬದಲಾಯಿಸಿ ಕೊಡಲು ಆಗುತ್ತಿಲ್ಲ, ಅವರ ದುಡ್ಡು ಸುಮ್ಮನೆ ಬಿದ್ದಿದೆ, ಅವರು ಸಿಟ್ಟಾಗಿದ್ದಾರೆ ಎಂದು ಅದರಲ್ಲಿ ದೂರಿಕೊಂಡಿದ್ದಾನೆ.

ಗ್ರೀಕ್ ನಾಣ್ಯ ನಮ್ಮ ಉಪಖಂಡಕ್ಕೂ ಬಂತು. ಕ್ರಿ.ಪೂ. 2ನೇ ಶತಮಾನದಲ್ಲಿ ಪಂಜಾಬಿನ ಕಡೆ ಆಳಿದ ಗ್ರೀಕ್ ರಾಜ ಮೆನಾಂಡರ್ (ಬೌದ್ಧ ಗ್ರಂಥಗಳ ಮಿಲಿಂದ) ತನ್ನ ಬೆಳ್ಳಿ ನಾಣ್ಯದ ಒಂದು ಕಡೆ ಗ್ರೀಕ್ ಭಾಷೆಯಲ್ಲಿ 'ರಕ್ಷಕನಾದ ರಾಜ ಮೆನಾಂಡರನ' ಎಂದು ಬರೆಸಿದ. ಇನ್ನೊಂದು ಕಡೆ ಪ್ರಾಕೃತದಲ್ಲಿ 'ಮಹಾರಜಸ ತ್ರತರಸ ಮೆನಂದ್ರಸ'. ಕೊನೆಯ 'ಸ' ನಮ್ಮ ಷಷ್ಠಿಯೇ. ಪ್ರಾಕೃತದ ಲಿಪಿ ಖರೋಷ್ಠಿ, ಬಲದಿಂದ ಎಡಕ್ಕೆ ಓದಬೇಕು. ಅದರ ಮೂಲ ಅರಮಾಯಿಕ್ ಲಿಪಿ. ಅರಬ್ಬಿ ಲಿಪಿಯ ಮೂಲವೂ ಅದೇ, ಅಂದರೆ ನಮ್ಮ ಉರ್ದು ಲಿಪಿಗೆ ಖರೋಷ್ಠಿ ದೂರದ ನೆಂಟ. ಒಂದು ಮುಖ ಎಡದಿಂದ, ಇನ್ನೊಂದು ಮುಖ ಬಲದಿಂದ! ಬೆಳಿಗ್ಗೆ ಕನ್ನಡ ಪಾಠ, ಸಂಜೆ ಮದರಸಾದಲ್ಲಿ ಉರ್ದು ಓದಿ ಬೆಳೆದ ನನಗೆ ಆ ನಾಣ್ಯದ ಚಿತ್ರ ನೋಡಿ ಯಾಕೋ ಸಂತೋಷವಾಯಿತು. ರಾಜನಿಗೆ ತನ್ನ ಭಾಷೆಯೊಂದೇ ಸಾಲದು, ಸಂತೆಯಲ್ಲಿ ನಾಣ್ಯ ಹಿಡಿಯುವವನ ಭಾಷೆಯೂ ಬೇಕಾಯಿತು. ಎರಡು ಸಾವಿರ ವರ್ಷದ ನಂತರ, 1830ರ ದಶಕದಲ್ಲಿ, ಜೇಮ್ಸ್ ಪ್ರಿನ್ಸೆಪ್ ಮರೆತುಹೋಗಿದ್ದ ಖರೋಷ್ಠಿಯನ್ನು ಓದಲು ಇಂಥ ಎರಡು ಭಾಷೆಯ ನಾಣ್ಯಗಳನ್ನೇ ಬಳಸಿದ. ಅವನು ಕಲ್ಕತ್ತಾ ಟಂಕಸಾಲೆಯಲ್ಲಿ ಲೋಹ ಪರೀಕ್ಷಿಸುವ ಅಧಿಕಾರಿ. ಅಥೆನ್ಸಿನ ಆ ಗುಲಾಮನ ಕೆಲಸವೇ, ಛಡಿ ಏಟು ಮಾತ್ರ ಇಲ್ಲ.

ಡ್ರಾಕ್ಮಾ ಎಂಬ ಹೆಸರಿಗೂ ಒಂದು ಪಯಣವಿದೆ. ಗ್ರೀಕಿನಲ್ಲಿ ಅದರ ಮೂಲ ಅರ್ಥ 'ಒಂದು ಹಿಡಿ', ಆರು ಕಬ್ಬಿಣದ ಸಲಾಕೆಗಳ ಹಿಡಿ. ಪ್ರಾಕೃತ, ಸಂಸ್ಕೃತಗಳಲ್ಲಿ ಅದು ದ್ರಮ್ಮ ಆಯಿತು. ನಾವು ಉರ್ದುವಿನಲ್ಲಿ ಬೆಲೆಗೆ 'ದಾಮ್' ಎನ್ನುವುದು ಅಲ್ಲಿಂದಲೇ. ಪಾರಸಿಯ ಮೂಲಕ ಅರಬ್ಬಿಗೆ ಹೋಗಿ ದಿರ್ಹಮ್ ಆಯಿತು. ಯೂಸುಫ್ ಅವರನ್ನು ಕೆಲವೇ ದಿರ್ಹಮ್‌ಗಳಿಗೆ ಮಾರಿದ ಪ್ರಸಂಗ ಕುರ್‌ಆನ್‌ನಲ್ಲಿ ಇರುವುದು ನಮಗೆಲ್ಲ ಗೊತ್ತು. ಖಲೀಫ ಅಬ್ದುಲ್ ಮಲಿಕ್ ಹಿಜರಿ 77ರಲ್ಲಿ, ಅಂದರೆ ಕ್ರಿ.ಶ. 696-97ರಲ್ಲಿ, ಚಿನ್ನದ ದೀನಾರಿನಿಂದ ಮನುಷ್ಯನ ಚಿತ್ರವನ್ನು ತೆಗೆದು ಬರಹವನ್ನು ಮಾತ್ರ ಇಟ್ಟರು. ಎರಡು ವರ್ಷದಲ್ಲಿ ಬೆಳ್ಳಿಯ ದಿರ್ಹಮ್‌ಗೂ ಹಾಗೇ ಮಾಡಿದರು. ಮುಖ ಹೋಯಿತು, ಗ್ರೀಕ್ ಹೆಸರು ಉಳಿಯಿತು.

ಕಳೆದ ಈದ್‌ಗೆ ಬಂದಾಗ ಚಾಚಾ ದುಬೈನಿಂದ ಒಂದು ದಿರ್ಹಮ್ ನಾಣ್ಯ ತಂದುಕೊಟ್ಟರು. ಅದರ ಮೇಲೆ ರಾಜನೂ ಇಲ್ಲ, ಸಿಂಹವೂ ಇಲ್ಲ. ಕಾಫಿ ಬಗ್ಗಿಸುವ ಕೂಜ ಇದೆ. ಅಬ್ಬಾ ಅದನ್ನು ತಿರುಗಿಸಿ ತಿರುಗಿಸಿ ನೋಡಿ ಅದೇ ಬಿಸ್ಕತ್ ಡಬ್ಬಕ್ಕೆ ಹಾಕಿದರು. ಅದೂ ನಮ್ಮ ಬೀದಿಯಲ್ಲಿ ನಡೆಯುವುದಿಲ್ಲ.